ನೀರೊಳಗಿನ ಕೈಗುಣ

ಸೀತಾಳ ಕೈಗೆ ಗಿಡ ಹತ್ತುವುದಿಲ್ಲ ಎಂಬ ತೀರ್ಪು ಅವಳ ಮದುವೆಯಾದ ವರ್ಷವೇ ಹೊರಬಿದ್ದಿತ್ತು. ಕೊಟ್ಟವರು ಗಂಡನ ಅಕ್ಕ ಅಲಮೇಲಮ್ಮ. ಆ ನ್ಯಾಯಾಲಯದ ಮೇಲೆ ಇನ್ನೊಂದು ನ್ಯಾಯಾಲಯವಿರಲಿಲ್ಲ.

ಸಾಕ್ಷ್ಯವೂ ಬಲವಾಗಿಯೇ ಇತ್ತು. ಮೊದಲು ತುಳಸಿ ಒಣಗಿತು. ಆಮೇಲೆ ಕರಿಬೇವು. ಕೊನೆಗೆ, ಎಸೆದರೂ ಚಿಗುರುವ ದೊಡ್ಡಪತ್ರೆ ಕೂಡ ಸೀತಾಳ ಕುಂಡದಲ್ಲಿ ಕಣ್ಣು ಮುಚ್ಚಿತು. "ಕೈಗುಣ ಅನ್ನೋದು ಹುಟ್ಟಿನಿಂದ ಬರ್ಬೇಕು ಕಣೆ, ಕಲಿತು ಬರೋದಲ್ಲ" ಎಂದು ಅಲಮೇಲಮ್ಮ ಪ್ರತಿ ಸಮಾರಂಭದಲ್ಲೂ, ಊಟದ ಎಲೆಯ ಮುಂದೆ ಕೂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಅವರ ಕೈಗುಣವಂತೂ ತುಮಕೂರಿಗೆಲ್ಲ ಗೊತ್ತು. ಬಟ್ಟೆ ಒಣಹಾಕಲು ಅವರು ಹಿತ್ತಲಲ್ಲಿ ನೆಟ್ಟ ಮರದ ಗೂಟ ಚಿಗುರಿ, ಈಗ ಅದರಲ್ಲಿ ನುಗ್ಗೆಕಾಯಿ ಬಿಡುತ್ತಿದೆ.

ಇಂಥ ಸೀತಾಳ ಮನೆಗೆ ಮೀನಿನ ತೊಟ್ಟಿ ಬಂದದ್ದು ಸೇತುರಾಮನ ಬಿ.ಪಿ.ಯ ದೆಸೆಯಿಂದ. ದಿನಾ ಸ್ವಲ್ಪ ಹೊತ್ತು ಮೀನು ನೋಡುತ್ತ ಕೂತರೆ ರಕ್ತದ ಒತ್ತಡ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ವಿಮಾ ಕಚೇರಿಯ ಸೇತುರಾಮ ಅಮೃತಹಳ್ಳಿಯ ತನ್ನ ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿ ಇಡಿಸಿದ. ಅದರಲ್ಲಿ ಒಂದು ಕೆಂಪು, ಒಂದು ಬಿಳಿ ಗೋಲ್ಡ್‌ಫಿಶ್. ಅವುಗಳ ನಡುವೆ ಗಿಳಿಹಸಿರು ಬಣ್ಣದ ಒಂದು ಪ್ಲಾಸ್ಟಿಕ್ ಗಿಡ. ಅದನ್ನು ಅವನು ಸಡಗರದಿಂದ ವಿಡಿಯೊ ಕಾಲ್‌ನಲ್ಲಿ ಅಕ್ಕನಿಗೆ ತೋರಿಸಿದ.

"ಪ್ಲಾಸ್ಟಿಕ್ಕಾ? ಒಳ್ಳೇದಾಯ್ತು ಬಿಡು ಸೀತಾ," ಎಂದರು ಅಲಮೇಲಮ್ಮ. "ನಿನ್ನ ಕೈಗೆ ಅದೇ ಸರಿ. ನೀನು ಏನ್ ಮಾಡಿದ್ರೂ ಸಾಯಲ್ಲ."

ಸೌಟು ಹಿಡಿದು ಪಕ್ಕದಲ್ಲಿ ನಿಂತಿದ್ದ ಸೀತಾಳ ಬಾಯಿಂದ, ಅವಳ ಅಪ್ಪಣೆಗೂ ಕಾಯದೆ ಮಾತು ಹೊರಟಿತು. "ಅದು ತಾತ್ಕಾಲಿಕ ಅಕ್ಕ. ಜೀವಂತ ಗಿಡ ನೆಡ್ತಾ ಇದ್ದೀನಿ. ಗೌರಿ ಹಬ್ಬಕ್ಕೆ ಬರ್ತೀರಲ್ಲ, ಆಗ ನೋಡಿ. ತೊಟ್ಟಿ ತುಂಬ ತೋಟ ಇರತ್ತೆ."

"ನೀರೊಳಗಾ? ಇಷ್ಟು ದಿನ ನೀರಿಲ್ದೆ ಸಾಯಿಸಿದ್ದಾಯ್ತು. ಇನ್ಮೇಲೆ ಮುಳುಗಿಸಿ ಸಾಯಿಸ್ತೀಯಾ?"

ಫೋನಿನ ಆ ಕಡೆ ನಾಲ್ಕಾರು ಜನ ನಕ್ಕದ್ದು ಕೇಳಿಸಿತು. ಸೀತಾ ಅಲ್ಲೇ ತೊಟ್ಟಿಯೊಳಗೆ ಕೈ ಹಾಕಿ ಪ್ಲಾಸ್ಟಿಕ್ ಗಿಡವನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ.

ಆರ್.ಟಿ. ನಗರದ ಹುಜೈಫಾ ಎಂಬ ಹುಡುಗನ ಸಾಕುಮೀನಿನ ಅಂಗಡಿಯಲ್ಲಿ ಗಿಡಗಳನ್ನು ನೀರಲ್ಲಿ ಮುಳುಗಿಸಿ ಸಾಲಾಗಿ ಜೋಡಿಸಿದ್ದರು. ಹೆಸರು ಕೇಳಿದರೆ ಔಷಧಿ ಅಂಗಡಿಗೆ ಬಂದಂತಿತ್ತು. ಸೀತಾ ಅಂಜಲಿಲ್ಲ. ತನಗೆ ಗೊತ್ತಿದ್ದ ಕ್ರಮದಲ್ಲಿ, ಅಂದರೆ ಸೊಪ್ಪು ಆರಿಸುವ ಕ್ರಮದಲ್ಲಿ, ಶುರುಮಾಡಿದಳು.

"ಆ ಸಬ್ಬಸಿಗೆ ಥರದ್ದು ಒಂದು ಕಟ್ಟು ಕೊಡಪ್ಪ."

"ಅದು ಕಬೋಂಬ ಆಂಟಿ. ನಿಮ್ಮನೇಲಿರೋದು ಗೋಲ್ಡ್‌ಫಿಶ್ ಅಂದ್ರಲ್ಲ, ತಿಂದ್ಬಿಡತ್ತೆ."

"ನಮ್ಮನೆ ಮೀನು ಕಂಡಕಂಡದ್ದಕ್ಕೆಲ್ಲ ಬಾಯಿ ಹಾಕಲ್ಲ. ಆ ಎಳೆ ವೀಳ್ಯದೆಲೆ ಥರ ಇದೆಯಲ್ಲ, ಅದು?"

"ಅನೂಬಿಯಾಸ್. ಅದನ್ನ ಹೂಳ್ಬಾರ್ದು. ದಾರ ತಗೊಂಡು ಕಲ್ಲಿಗೆ ಕಟ್ಬೇಕು."

"ಆಯ್ತು. ಈ ಕೆಂಪು ದಂಟಿನ ಸೊಪ್ಪು?"

"ಕ್ರಿಪ್ಟ್. ಹೊಸ ನೀರಿಗೆ ಬಂದ್ರೆ ಮೊದಲು ಎಲೆ ಎಲ್ಲಾ ಕರಗೋಗತ್ತೆ ಆಂಟಿ. ಭಯ ಬೀಳ್ಬೇಡಿ, ಮುಟ್ಲೂ ಬೇಡಿ. ಬೇರಿಂದ ಮತ್ತೆ ಬರತ್ತೆ."

ಸೀತಾ ಕ್ರಿಪ್ಟನ್ನು ಎತ್ತಿಕೊಂಡು, ಎಳೆಯದೋ ಬಲಿತದ್ದೋ ಎಂದು ನೋಡಲು ದಂಟನ್ನು ಉಗುರಿನಿಂದ ಚಟ್ಟನೆ ಮುರಿದಳು. ಹುಜೈಫಾ ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಅವಳು ಚೀಲ ಚಾಚಿ, "ಕೊಸರಿಗೆ ಇನ್ನೆರಡು ಎಳೆ ಹಾಕು" ಎನ್ನುತ್ತಿದ್ದಳು.

ನೆಡುವ ಕಾರ್ಯ ರಾಹುಕಾಲ ಕಳೆದ ಮೇಲೆ ಶುರುವಾಯಿತು. ಭೂಮಿಯಲ್ಲಿ ನೆಟ್ಟ ಗಿಡ ನಿಲ್ಲುತ್ತದೆ, ನೀರಲ್ಲಿ ನೆಟ್ಟದ್ದು ಏಳುತ್ತದೆ ಎಂಬ ಸತ್ಯ ಸೀತಾಗೆ ಅಂದು ತಿಳಿಯಿತು. ಈ ಮೂಲೆಯಲ್ಲಿ ಮರಳಿಗೆ ಅದುಮಿ ಆ ಮೂಲೆಗೆ ಹೋಗುವಷ್ಟರಲ್ಲಿ ಮೊದಲಿನದು ಮೇಲೆ ಬಂದು ತೇಲುತ್ತಿತ್ತು. ಅವಳು ಅಡುಗೆಮನೆಯಿಂದ ಇಕ್ಕಳ ತಂದಳು. ಸೇತುರಾಮ ಸ್ಟೂಲಿನ ಮೇಲೆ ನಿಂತು, "ಎಡಕ್ಕೆ! ಎಡಕ್ಕೆ! ಅದು ಬಾಲ ಕಣೆ, ಮೀನನ್ನ ಹಿಡಿದಿದ್ದೀಯ!" ಎಂದು ಕೂಗಿದ. ಆ ಸಂಜೆ ಅವನ ಬಿ.ಪಿ. ಹಿಂದೆಂದೂ ಏರದಷ್ಟು ಏರಿತು.

ಇನ್ನು ವೀಳ್ಯದೆಲೆಯಂಥದ್ದನ್ನು ಕಲ್ಲಿಗೆ ಕಟ್ಟುವುದು ಉಳಿದಿತ್ತು. ಬಿಳಿ ದಾರದಲ್ಲಿ ಕಟ್ಟಲು ಸೀತಾಗೆ ಮನಸ್ಸು ಬರಲಿಲ್ಲ. ಹೊಸ ಜೀವ ಮನೆಗೆ ಬರುತ್ತಿದೆ. ಬರಿಯ ದಾರ ಕಟ್ಟುವುದೆಂದರೇನು? ದಾರಕ್ಕೆ ಧಾರಾಳವಾಗಿ ಅರಿಶಿನ ಮೆತ್ತಿ, ಕಂಕಣ ಕಟ್ಟುವಂತೆ ಮೂರು ಗಂಟು ಹಾಕಿ, ಕಲ್ಲನ್ನು ನೀರಿಗೆ ಇಳಿಸಿ ಕೈ ಮುಗಿದಳು.

ಬೆಳಗ್ಗೆ ಸೇತುರಾಮನ ಕೂಗು ಕೇಳಿಸಿತು. "ಸೀತಾ, ಬೇಗ ಬಾ! ಬಿಳಿ ಮೀನಿಗೆ ಕಾಮಾಲೆ!"

ತೊಟ್ಟಿಯ ನೀರೆಲ್ಲ ಕೇಸರಿಬಾತಿನ ಬಣ್ಣಕ್ಕೆ ತಿರುಗಿತ್ತು. ಕೆಂಪು ಮೀನು ಕಾಣುತ್ತಲೇ ಇರಲಿಲ್ಲ. ಸಬ್ಬಸಿಗೆಯಲ್ಲಿ ಉಳಿದದ್ದು ಬರೀ ಕಡ್ಡಿ. ಕಂಡಕಂಡದ್ದಕ್ಕೆ ಬಾಯಿ ಹಾಕದ ಮೀನುಗಳ ಹೊಟ್ಟೆ ಉಬ್ಬಿತ್ತು. ನೀರು ಬದಲಿಸುವ ಗಲಾಟೆಯಲ್ಲಿ ಸೀತಾ ಅನೂಬಿಯಾಸನ್ನು ಕಲ್ಲಿನಿಂದ ಬಿಡಿಸಿ, ಭದ್ರವಾಗಿರಲಿ ಎಂದು ಆಳವಾಗಿ ಹೂತಳು. ಅದು ಅಲ್ಲಿಯೇ ಕೊಳೆಯಿತು.

ಉಳಿದದ್ದು ಕ್ರಿಪ್ಟ್. ಹುಜೈಫಾ ಹೇಳಿದಂತೆಯೇ ಅದರ ಎಲೆಗಳು ಒಂದೊಂದಾಗಿ ಕರಗತೊಡಗಿದವು. ಮುಟ್ಟಬೇಡಿ ಎಂದಿದ್ದ, ನಿಜ. ಆದರೆ ಕಾಯಿಲೆ ಬಿದ್ದವರನ್ನು ಮುಟ್ಟಿ ನೋಡದೆ ಸುಮ್ಮನಿರುವುದು ಸೀತಾಳ ವಂಶದಲ್ಲೇ ಇರಲಿಲ್ಲ. ದಿನವೂ ಕಿತ್ತು ಬೇರು ನೋಡಿದಳು, ಮೂಸಿದಳು, ನಲ್ಲಿಯಡಿ ತೊಳೆದಳು, ಮತ್ತೆ ನೆಟ್ಟಳು. ಎಲೆಯೆಲ್ಲ ಹೋಗಿ ಬೋಳು ಬೇರಷ್ಟೇ ಉಳಿದಾಗ ಗೇಟಿನ ಬಳಿಯ ಹಳೇ ಬಕೆಟ್ಟಿಗೆ ಎಸೆದು, ಮತ್ತೆ ಆರ್.ಟಿ. ನಗರದ ಬಸ್ಸು ಹತ್ತಿದಳು.

ಯುಗಾದಿಯಿಂದ ಆಷಾಢದವರೆಗೆ ಹೀಗೆಯೇ ನಡೆಯಿತು. ಅವಳು ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಹುಜೈಫಾ ಎದ್ದು ಕುರ್ಚಿ ಹಾಕುತ್ತಿದ್ದ. "ಮತ್ತೆ ಕಿತ್ರಾ ಆಂಟಿ?" ಎಂದು ಕೇಳುತ್ತಿದ್ದ. "ನೋಡ್ದೆ ಅಷ್ಟೆ" ಎನ್ನುತ್ತಿದ್ದಳು ಸೀತಾ.

ಶ್ರಾವಣ ಬಂತು. ಗೌರಿ ಹಬ್ಬ ಹತ್ತಿರವಾಯಿತು. ಹೂವು ಮಾರುವವಳ ಹತ್ತಿರ ಮೊಳ ಅಳೆಸುತ್ತಿದ್ದಾಗ ಸೀತಾಗೆ ತನ್ನ ಬದುಕಿನ ಮೂಲದೋಷ ಹೊಳೆಯಿತು. ಕೊಂಡ ಗಿಡ ಹತ್ತುವುದಿಲ್ಲ, ಕದ್ದ ಗಿಡವೇ ಹತ್ತುವುದು ಎಂದು ಲೋಕವೆಲ್ಲ ಹೇಳುತ್ತದೆ. ಅವಳು ಮಾತ್ರ ತುಳಸಿಯನ್ನೂ ಕರಿಬೇವನ್ನೂ ದುಡ್ಡು ಕೊಟ್ಟು ತಂದಿದ್ದಳು. ದೊಡ್ಡಪತ್ರೆಯನ್ನು ಕೇಳಿ ತಂದಿದ್ದಳು. ಇಷ್ಟು ವರ್ಷ ಪ್ರಾಮಾಣಿಕತೆಯಿಂದಲೇ ಗಿಡಗಳನ್ನು ಸಾಯಿಸಿದ್ದಳು! ಅಲಮೇಲಮ್ಮನ ಕೈಚೀಲದಲ್ಲಿ ಸದಾ ಒಂದು ಪುಟ್ಟ ಕತ್ತರಿ ಏಕಿರುತ್ತದೆ ಎಂಬುದೂ ಆಗಲೇ ಅರ್ಥವಾಯಿತು.

"ರೀ, ನಾಳೆ ಅಲ್ಲಾಳಸಂದ್ರ ಕೆರೆಗೆ ವಾಕಿಂಗ್ ಹೋಗೋಣ," ಎಂದಳು ಗಂಡನಿಗೆ. "ಕದಿಯೋದಿದೆ."

ಸೇತುರಾಮ ಬಿ.ಪಿ. ಮಾತ್ರೆ ನುಂಗಿ ಜೊತೆಗೆ ಹೊರಟ.

ಕೆರೆಯ ಬೇಲಿ ಒಂದು ಕಡೆ ಬಾಗಿತ್ತು. ಸೀತಾ ಸೀರೆಯನ್ನು ಎತ್ತಿ ಕಟ್ಟಿ, ಚಪ್ಪಲಿಯನ್ನು ಗಂಡನ ಕೈಗೆ ಕೊಟ್ಟು, ಅಂಚಿನ ಕೆಸರಿಗೆ ಇಳಿದು ನೀರಲ್ಲಿ ತೇಲುವ ಅಂತರಗಂಗೆ ಕಳೆಯನ್ನು ಒಂದು ತೆಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಸೀಟಿ ಕೇಳಿಸಿತು. ಕಾವಲುಗಾರ ಮುನಿಯಲ್ಲಪ್ಪ ದೊಣ್ಣೆ ಬೀಸುತ್ತ ಓಡಿ ಬಂದ.

"ಏನಮ್ಮೋ, ಏನ್ ಆಕ್ತಾ ಇದೀರಾ ಅಲ್ಲಿ? ಪೂಜೆ ಊವು ತಂದು ಸುರಿಯಕ್ಕೆ ಬಂದ್ರಾ? ಏಳೋರ್ ಕೇಳೋರ್ ಇಲ್ಲ ಅಂದ್ಕೊಂಡ್ರಾ?"

"ಹಾಕ್ತಾ ಇಲ್ಲಪ್ಪ, ತೆಗೀತಾ ಇದೀನಿ!" ಎಂದಳು ಸೀತಾ.

ಮುನಿಯಲ್ಲಪ್ಪನ ದೊಣ್ಣೆ ಗಾಳಿಯಲ್ಲೇ ನಿಂತಿತು. ಕೆರೆಗೆ ಹಾಕುವವರನ್ನು ಅವನು ಜನ್ಮವಿಡೀ ಕಂಡಿದ್ದ. ತೆಗೆಯುವವರನ್ನು ಕಂಡದ್ದು ಇದೇ ಮೊದಲು. ವಾಕಿಂಗಿಗೆ ಬಂದವರೆಲ್ಲ ಬೇಲಿಯ ಬಳಿ ಕೂಡಿದರು. ಕೆರೆ ಗೆಳೆಯರ ಬಳಗದ ಕಾರ್ಯದರ್ಶಿ ನಾಗಭೂಷಣ ಮುಂದೆ ಬಂದು, ಕೆಸರಲ್ಲಿ ನಿಂತು ಎದೆಗೆ ಕಳೆ ಅವುಚಿಕೊಂಡ ಸೀತಾಳ ಫೋಟೊ ತೆಗೆದರು.

"ನೋಡಿ ಇವರನ್ನ! ನಾವು ತಿಂಗಳಿಗೊಂದು ಮೀಟಿಂಗ್ ಮಾಡ್ತೀವಿ, ಈ ಹೆಣ್ಣುಮಗಳು ಸೀದಾ ಇಳಿದೇಬಿಟ್ರು! ಯಾರಮ್ಮ ನೀವು?"

ಹೆಂಡತಿಯ ಮಾನ ಕಾಪಾಡಲು ಏನಾದರೂ ಹೇಳಬೇಕೆನಿಸಿ ಸೇತುರಾಮ ಬಾಯಿ ತೆರೆದ. "ಇವಳಿಗೆ ನೀರಿನ ಗಿಡಗಳಲ್ಲಿ ತುಂಬ ಪರಿಶ್ರಮ ಇದೆ ಸಾರ್. ಮನೇಲಿ ದೊಡ್ಡ ತೋಟಾನೇ ಮಾಡಿದ್ದಾಳೆ, ತೊಟ್ಟಿಯೊಳಗೆ."

ಅಂದು ಬೆಳಗ್ಗೆ ಹತ್ತಾರು ಜನ ಸೀತಾಳ ಹಿಂದೆ ಕೆಸರಿಗೆ ಇಳಿದು ಅಂತರಗಂಗೆ ಎಳೆದು ದಡಕ್ಕೆ ಹಾಕಿದರು. ಅವಳಿಗೆ ಮನೆಗೊಯ್ಯಲು ಒಂದು ಎಲೆಯೂ ದಕ್ಕಲಿಲ್ಲ. "ಕೆರೆದು ಒಂದ್ ಕಡ್ಡೀನೂ ಒರಗೆ ಬಿಡಂಗಿಲ್ಲ ತಾಯಿ, ಸರ್ಕಾರದ್ದು," ಎಂದು ಮುನಿಯಲ್ಲಪ್ಪ ಈಗ ಬಹಳ ಗೌರವದಿಂದ ಅವಳ ಚೀಲವನ್ನೇ ಜಾಲಾಡಿದ. ಮನೆ ಸೇರುವ ಹೊತ್ತಿಗೆ ಅವಳ ಫೋಟೊ ಊರೆಲ್ಲ ಸುತ್ತಿ, ತುಮಕೂರಿಗೂ ಹೋಗಿ ಬಂದಿತ್ತು. ನಾಗಭೂಷಣ ಫೋನ್ ಮಾಡಿದರು. "ಮೇಡಂ, ಗೌರಿ ಹಬ್ಬದ ಹಿಂದಿನ ದಿನ ಸಂಜೆ ಬಳಗದವರೆಲ್ಲ ನಿಮ್ಮನೆಗೇ ಬಂದು ಶಾಲು ಹೊದಿಸ್ತೀವಿ. ಹಾಗೇ ನಿಮ್ಮ ನೀರಿನ ತೋಟಾನೂ ನೋಡ್ತೀವಿ."

ಅಲಮೇಲಮ್ಮ ಬರುವುದೂ ಅದೇ ಸಂಜೆ. ತೊಟ್ಟಿಯಲ್ಲಿ ಮರಳು, ಎರಡು ಮೀನು ಬಿಟ್ಟು ಏನೂ ಇರಲಿಲ್ಲ.

"ನಾನು ಆಫೀಸಿನ ಕೆಲಸ ಅಂತ ಎಲ್ಲಾದ್ರೂ ಹೋಗ್ಲಾ?" ಎಂದ ಸೇತುರಾಮ.

"ಸುಮ್ನಿರಿ. ಇನ್ನೂ ಟೈಮಿದೆ," ಎಂದಳು ಸೀತಾ. ಟೈಮು ಇರಲಿಲ್ಲ.

ಆ ದಿನ ಬಂದೇ ಬಂತು. ಮಧ್ಯಾಹ್ನ ಹಬ್ಬದ ಚಕ್ಕುಲಿ ಕರಿದಾದ ಮೇಲೆ ಒಂದು ಸ್ಟೀಲ್ ಡಬ್ಬಿಗೆ ತುಂಬಿ ಸೀತಾ ಪಕ್ಕದ ಮನೆಯ ಜೈನಾಬ್‌ಗೆ ಕೊಡಲು ಹೋದಳು. ಎರಡು ಮನೆಗಳ ನಡುವೆ ಇರುವುದು ಒಂದೇ ಕಾಂಪೌಂಡು ಗೋಡೆ. ಅದರ ಮೇಲಿಂದ ಡಬ್ಬಿಗಳು ಓಡಾಡಲು ಶುರುವಾಗಿ ವರ್ಷಗಳಾಗಿದ್ದವು, ಒಂದೂ ಖಾಲಿಯಾಗಿ ವಾಪಸು ಬಂದದ್ದಿಲ್ಲ. ಆದರೆ ಜೈನಾಬ್‌ಳ ನಾದಿನಿಯ ಮದುವೆ ಗಲಾಟೆಯಲ್ಲಿ ಸೀತಾ ಆ ಮನೆಯೊಳಗೆ ಕಾಲಿಟ್ಟು ಬಹಳ ತಿಂಗಳಾಗಿತ್ತು.

ಹಜಾರಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಜೈನಾಬ್‌ಳ ಮಗಳು ಅಫ್ರೀನ್‌ಗೆಂದು ತಂದ ಚಿಕ್ಕ ತೊಟ್ಟಿ ಕಿಟಕಿ ಬಳಿ ಇತ್ತು. ಅದರೊಳಗೆ ಕಾಡು! ಕೆಂಪು ದಂಟಿನ, ಹಸಿರು ಎಲೆಯ ದಟ್ಟ ಪೊದೆಗಳು ಗಾಜಿಗೆ ಒತ್ತಿಕೊಂಡು ನಿಂತಿದ್ದವು. ನಡುವೆ ಪುಟ್ಟ ಮೀನುಗಳು ದಾರಿ ಹುಡುಕುತ್ತಿದ್ದವು.

ಸೀತಾಗೆ ಚಕ್ಕುಲಿಯೂ ಮರೆತುಹೋಯಿತು, ಹಬ್ಬವೂ ಮರೆತುಹೋಯಿತು.

"ಕೂತ್ಕೊಳ್ಳಿ ಸೀತಕ್ಕ," ಎಂದಳು ಜೈನಾಬ್. ಸೀತಾಳ ಮುಖ ನೋಡಿದಳು, ತೊಟ್ಟಿ ನೋಡಿದಳು, ಮತ್ತೆ ಮುಖ ನೋಡಿದಳು. "ಚಾಯ್ ಮಾಡ್ಕೊಂಡು ಬರ್ತೀನಿ. ಸ್ವಲ್ಪ ಲೇಟ್ ಆಗತ್ತೆ. ಹಾಲು ಇನ್ನೂ ಕಾಯ್ಬೇಕು."

ಒಳಗೆ ಪಾತ್ರೆಗಳ ಭಾರೀ ಸದ್ದು ಶುರುವಾಯಿತು. ಸೀತಾ ಗೌರಮ್ಮನನ್ನು ನೆನೆದು ಬಲಗೈಯನ್ನು ಮೊಳಕೈವರೆಗೆ ತೊಟ್ಟಿಗೆ ಇಳಿಸಿದಳು. ಒಂದು ಪೊದೆಯನ್ನು ಬೇರುಸಮೇತ ಎಳೆದಳು, ಅದು ಬರಲಿಲ್ಲ. ಕಾಲೂರಿ ಎಳೆದಳು, ಫಟ್ಟನೆ ಬಂತು. ಸೆರಗಿನಲ್ಲಿ ಸುತ್ತಿ, "ಜೈನಾಬ್, ಒಲೆ ಮೇಲೆ ಎಣ್ಣೆ ಇಟ್ಟು ಬಂದಿದ್ದೀನಿ!" ಎಂದು ಕೂಗಿ, ಡಬ್ಬಿಯನ್ನೂ ಬಿಟ್ಟು, ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ಮನೆಗೆ ಓಡಿದಳು.

ಗಿಡವನ್ನು ಮರಳಿಗೆ ನೆಟ್ಟು ಕೈ ತೊಳೆಯುವಾಗ ಗೊತ್ತಾಯಿತು: ಬಲಗೈಯಲ್ಲಿ ಬಳೆ ಇಲ್ಲ. ಅತ್ತೆ ಕೊಟ್ಟ ಚಿನ್ನದ ಬಳೆ. ಅತ್ತೆಯ ಕೈ ಅಗಲ. ಸೀತಾಗೆ ಅದು ಮೊದಲಿಂದಲೂ ಸಡಿಲ. ಮಗಳಾದ ತನಗೆ ಸೇರಬೇಕಿದ್ದದ್ದು ಸೊಸೆಗೆ ಹೋಯಿತೆಂದು ಅಲಮೇಲಮ್ಮ ಬಂದಾಗಲೆಲ್ಲ ಮೊದಲು ನೋಡುತ್ತಿದ್ದುದೇ ಆ ಬಳೆಯನ್ನು.

ಅಷ್ಟರಲ್ಲಿ ಗೇಟಿನ ಮುಂದೆ ಆಟೊ ನಿಂತಿತು. ಅಲಮೇಲಮ್ಮ ಇಳಿದರು. ಸೀತಾ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಕೈಗೇನಾಯ್ತೇ? ಅಮ್ಮನ ಬಳೆ ಎಲ್ಲಿ?"

"ಪಾಲಿಶ್‌ಗೆ ಕೊಟ್ಟಿದೀನಿ ಅಕ್ಕ," ಎಂದಳು ಸೀತಾ.

"ಲಾಕರ್‌ನಲ್ಲಿದೆ ಅಕ್ಕ," ಎಂದ ಸೇತುರಾಮ. ಇಬ್ಬರೂ ಒಂದೇ ಉಸಿರಿಗೆ ಹೇಳಿದರು.

ಅಲಮೇಲಮ್ಮ ಇಬ್ಬರನ್ನೂ ನೋಡಿ, ತೊಟ್ಟಿಯ ಕಡೆ ನಡೆದರು. ಕನ್ನಡಕ ಏರಿಸಿದರು. ಅಷ್ಟು ದೊಡ್ಡ ತೊಟ್ಟಿಯ ನಟ್ಟನಡುವೆ ಒಂದೇ ಒಂದು ಗಿಡ, ಗಾಬರಿಯಾದಂತೆ ಒಂದು ಕಡೆ ವಾಲಿಕೊಂಡು ನಿಂತಿತ್ತು.

"ಇದೇನಾ ತೋಟ?"

ಉತ್ತರ ಹೇಳುವ ಮೊದಲೇ ನಾಗಭೂಷಣ ಬಳಗಸಮೇತ ಒಳಗೆ ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಎಲ್ಲರೂ ತೊಟ್ಟಿಯ ಸುತ್ತ ನಿಂತು ಆ ಒಂದು ಗಿಡವನ್ನು ನೋಡಿದರು. ಯಾರೋ ಕೆಮ್ಮಿದರು. ನಾಗಭೂಷಣ ಅನುಭವಸ್ಥರು, ಇಂಥ ಸಭೆಗಳನ್ನು ಬಹಳ ಕಂಡವರು. "ಗಿಡ ಒಂದಾದರೇನು ಬಂಧುಗಳೇ," ಎಂದು ಭಾಷಣ ಶುರುಮಾಡಿದರು. "ಒಂದು ಗಿಡದ ಹಿಂದೆ ಇರುವ ಪ್ರಾಮಾಣಿಕ ಶ್ರಮ..."

"ಸೀತಕ್ಕ, ಡಬ್ಬಿ ಬಿಟ್ಟು ಬಂದಿದ್ರಿ," ಎಂದು ಬಾಗಿಲಲ್ಲಿ ಜೈನಾಬ್‌ಳ ದನಿ ಕೇಳಿಸಿತು.

ಹತ್ತಿರವಿದ್ದ ಅಲಮೇಲಮ್ಮ ಡಬ್ಬಿ ಇಸಿದುಕೊಂಡರು. ಏನೋ ಸಿಹಿ ಇರಬೇಕೆಂದು ಮುಚ್ಚಳ ತೆಗೆದರು. ಒಳಗೆ, ಒದ್ದೆ ಎಲೆಯ ಮೇಲೆ, ಅಮ್ಮನ ಬಳೆ.

ಭಾಷಣ ನಿಂತಿತು.

"ಖಾಲಿ ಡಬ್ಬಿ ಕೊಡ್ಬಾರ್ದಲ್ಲ," ಎಂದಳು ಜೈನಾಬ್ ಮೆತ್ತಗೆ.

"ಇದು ನಮ್ಮಮ್ಮನ ಬಳೆ," ಎಂದರು ಅಲಮೇಲಮ್ಮ. "ಪಾಲಿಶ್‌ನಲ್ಲೂ ಲಾಕರ್‌ನಲ್ಲೂ ಇದ್ದದ್ದು ನಿಮ್ಮನೆ ಡಬ್ಬಿಗೆ ಹೇಗಮ್ಮ ಬಂತು?"

ಸೇತುರಾಮ ಮೆಲ್ಲನೆ ಮಾತ್ರೆಯ ಡಬ್ಬಿ ಹುಡುಕತೊಡಗಿದ. ಸೀತಾ ಮುಂದೆ ಬಂದಳು. ಇಷ್ಟು ದೂರ ಬಂದವಳಿಗೆ ಇನ್ನೊಂದು ಹೆಜ್ಜೆ ಭಾರವಾಗಲಿಲ್ಲ.

"ಜೈನಾಬ್ ತೊಟ್ಟಿಗೆ ಬಿದ್ದಿತ್ತು ಅಕ್ಕ. ಈ ಗಿಡಾನ ನಾನು ಅಲ್ಲಿಂದ ಕದ್ದೆ. ಕೆರೆಗೂ ಕದಿಯೋಕೇ ಹೋಗಿದ್ದೆ ನಾಗಭೂಷಣ ಅವ್ರೆ, ಕ್ಲೀನ್ ಮಾಡೋಕಲ್ಲ. ಕೊಂಡು ತಂದಿದ್ದನ್ನೆಲ್ಲ ದಿನಾ ಕಿತ್ತು, ತೊಳೆದು, ಮೂಸಿ ನೋಡ್ದೆ, ಆದ್ರೂ ಸತ್ತೋಯ್ತು. ಕದ್ದಿದ್ದು ಬದುಕತ್ತಾ ನೋಡೋಣ ಅಂತ ಕದ್ದೆ. ಬದುಕದಿದ್ರೆ ಮತ್ತೆ ಕದೀತೀನಿ."

"ಅಯ್ಯೋ, ನೀವೆಲ್ಲಿ ಕದ್ರಿ ಸೀತಕ್ಕ!" ಎಂದಳು ಜೈನಾಬ್. "ಮೊದಲು ಕದ್ದಿದ್ದು ನಾನು. ಯುಗಾದಿ ಆದ್ಮೇಲೆ ನಿಮ್ಮ ಗೇಟ್ ಹತ್ರ ಬಕೆಟ್‌ನಲ್ಲಿ ಒಂದು ಬೇರು ಬಿದ್ದಿತ್ತಲ್ಲ, ಅಫ್ರೀನ್ ಗಲಾಟೆ ಮಾಡ್ತಿದ್ಲು ಅಂತ ಎತ್ಕೊಂಡು ಹೋದೆ. ಆಮೇಲೆ ನೀವು ಎಸೆದಾಗೆಲ್ಲ ಎತ್ಕೊಂಡೆ. ಕೇಳಿ ತಗೊಂಡ್ರೆ ಗಿಡ ಹತ್ತಲ್ಲ ಅಂತಾರಲ್ಲ, ಅದಕ್ಕೇ ಬಾಯಿ ಬಿಡ್ಲಿಲ್ಲ. ಇವತ್ತು ನಿಮ್ಮ ಮುಖ ನೋಡಿದ ತಕ್ಷಣ ಗೊತ್ತಾಯ್ತು. ನೀವು ನೆಮ್ಮದಿಯಾಗಿ ಕದ್ದು ಮುಗಿಸ್ಲಿ ಅಂತಾನೇ ಒಳಗೆ ನಿಂತ್ಕೊಂಡು ಖಾಲಿ ಪಾತ್ರೇಲಿ ಚಮಚ ಆಡಿಸ್ತಾ ಇದ್ದೆ."

"ಏನ್ ಗೊಬ್ಬರ ಹಾಕಿದ್ದೆ ಅದಕ್ಕೆ?" ಎಂದರು ಅಲಮೇಲಮ್ಮ. ಇದು ಅವರ ಕ್ಷೇತ್ರ.

"ಏನೂ ಇಲ್ಲ ಅಮ್ಮ. ಹಾಕ್ದೆ, ಮರ್ತೆ. ಮದುವೆ ಕೆಲಸದಲ್ಲಿ ಆ ಕಡೆ ತಿರುಗಿ ನೋಡೋಕೂ ಆಗ್ಲಿಲ್ಲ."

ಅಲಮೇಲಮ್ಮ ಸೋಫಾದ ಮೇಲೆ ಕೂತರು. ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನ್ಯಾಯಾಲಯ ಹಳೆಯ ಕಡತ ತೆಗೆದಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಮೀನುಗಳೂ ಗಾಜಿನ ಈ ಕಡೆಗೆ ಬಂದವು.

"ಅಂದ್ರೆ ಇವಳು ನೆಟ್ಟಿದ್ದ ಬೇರು," ಎಂದರು ನಿಧಾನವಾಗಿ. "ದಿನಾ ಕಿತ್ತು, ತೊಳೆದು, ಮೂಸಿ, ಬಕೆಟ್‌ಗೆ ಎಸೆದ್ರೂ ಸಾಯ್ಲಿಲ್ಲ. ಪಕ್ಕದ ಮನೆಗೆ ಹೋಗಿ ಕಾಡಾಯ್ತು." ಸೀತಾಳ ಬಲಗೈ ಹಿಡಿದು ಎಳೆದು ಬಳೆಯನ್ನು ತೊಡಿಸಿದರು. "ಕೈಗುಣ ಇದೆ ಕಣೆ ನಿನಗೆ. ಕೈ ಸುಮ್ನಿರಲ್ಲ, ಅಷ್ಟೇ."

ಸೀತಾ ಮೂಗು ಒರೆಸಿಕೊಂಡು, ಸೆರಗಿನಲ್ಲಿದ್ದ ಪಾಚಿಯನ್ನು ಮುಖಕ್ಕೆಲ್ಲ ಹಚ್ಚಿಕೊಂಡಳು.

ನಾಗಭೂಷಣ ಶಾಲು ಹಿಡಿದು ನಿಂತೇ ಇದ್ದರು. ತಂದ ಶಾಲನ್ನು ವಾಪಸು ಒಯ್ಯುವುದು ಬಳಗದ ಸಂಪ್ರದಾಯದಲ್ಲಿರಲಿಲ್ಲ. ಇದ್ದದ್ದು ಒಂದು ಶಾಲು, ಕಳ್ಳಿಯರು ಇಬ್ಬರು. ಕೊನೆಗೆ ಇಬ್ಬರನ್ನೂ ಒತ್ತಾಗಿ ನಿಲ್ಲಿಸಿ ಒಂದೇ ಶಾಲನ್ನು ಹೊದಿಸಿದರು. ಜನ ಚಪ್ಪಾಳೆ ತಟ್ಟಿ ಚಕ್ಕುಲಿ ತಿಂದು ಹೊರಟರು.

ಹಬ್ಬದ ದಿನಗಳಲ್ಲಿ ಸೀತಾ ತೊಟ್ಟಿಯ ಮುಂದೆ ಕೂತಾಗಲೆಲ್ಲ ಕೈಗಳೆರಡನ್ನೂ ತೊಡೆಯಡಿ ಹಾಕಿಕೊಂಡೇ ಕೂತಳು. ಎಲೆಯೊಂದು ಕರಗಿತು, ಅವಳು ಹಲ್ಲು ಕಚ್ಚಿದಳು, ಅಲುಗಲಿಲ್ಲ. ಜೈನಾಬ್ ಮನೆಯಲ್ಲಿ ಮತ್ತೆ ಒಂದೆರಡು ಸಲ ಹಾಲು ಕಾಯಲು ತಡವಾಯಿತು. ಸೀತಾಳ ತೊಟ್ಟಿಗೆ ಇನ್ನೂ ಕೆಲವು ಪೊದೆಗಳು ಬಂದವು. ಗಣೇಶನನ್ನು ನೀರಿಗೆ ಬಿಟ್ಟು ಬಂದ ಮರುದಿನ ಬೆಳಗ್ಗೆ ಮೊದಲನೆಯ ಗಿಡದ ಬುಡದಲ್ಲಿ, ಉಗುರಿನಷ್ಟು ಉದ್ದದ ಒಂದು ಹೊಸ ಎಲೆ ಸುರುಳಿ ಬಿಚ್ಚಿತ್ತು. ಸೇತುರಾಮ ಅದನ್ನು ನೋಡುತ್ತ ಕೂತ. ಆ ದಿನ ಅವನ ಬಿ.ಪಿ. ನಿಜಕ್ಕೂ ಇಳಿದಿತ್ತು.

ಅಲಮೇಲಮ್ಮ ಊರಿಗೆ ಹೊರಟ ದಿನ, ಆಟೊ ಬರುವ ಮೊದಲು, "ಸೀತಾ, ಒಂದು ಲೋಟ ಕಾಫಿ ಮಾಡ್ತೀಯಾ?" ಎಂದರು.

ಅವರು ಕಾಫಿ ಕುಡಿದ ಲೋಟ ಇನ್ನೂ ಬೆಚ್ಚಗಿತ್ತು. ಸೀತಾ ಅವರ ಕಡೆ ನೋಡಿದಳು. ಅಲಮೇಲಮ್ಮನ ಕೈಚೀಲದ ಜಿಪ್ಪು ತೆರೆದಿತ್ತು. ಕೈಯ ಬಳೆಗಳೆಲ್ಲ ಆಗಲೇ ಕಳಚಿ ಟೀಪಾಯಿಯ ಮೇಲೆ ಸಾಲಾಗಿ ಕೂತಿದ್ದವು.

"ಮಾಡ್ತೀನಿ ಅಕ್ಕ. ಸ್ವಲ್ಪ ಲೇಟ್ ಆಗತ್ತೆ. ಹಾಲು ಇನ್ನೂ ಕಾಯ್ಬೇಕು."

ಅಡುಗೆಮನೆಗೆ ಹೋಗಿ ಅವಳು ಒಂದು ಖಾಲಿ ಪಾತ್ರೆ ಇಟ್ಟುಕೊಂಡು ಜೋರಾಗಿ ಚಮಚ ಆಡಿಸತೊಡಗಿದಳು. ಸದ್ದಿಗೆ ಸೇತುರಾಮ ಓಡಿ ಬಂದ.

"ಒಲೆ ಹಚ್ಚಿಲ್ಲ, ಹಾಲಿಲ್ಲ, ಏನ್ ಮಾಡ್ತಾ ಇದ್ದೀಯೇ? ಆಟೊ ಬಂದು ನಿಂತಿದೆ!"

"ಷ್! ನಿಲ್ಲೋಕೆ ಹೇಳಿ," ಎಂದಳು ಸೀತಾ, ಚಮಚ ನಿಲ್ಲಿಸದೆ. "ನಿಮ್ಮಕ್ಕಂದು ಇನ್ನೂ ಮುಗಿದಿಲ್ಲ."